ಡಾ. ಎಂ. ಎನ್. ಶ್ರೀನಿವಾಸರು

ನಮ್ಮ ಅಮ್ಮಸಂದ್ರದಂತಹ ತೆಂಗಿನ ಸೀಮೆಯ ಊರುಗಳ ಮಕ್ಕಳೂ ಉನ್ನತ ವ್ಯಾಸಂಗಕ್ಕೆಂದು ಪರದೇಶಗಳಿಗೆ ತೆರಳುವ ಕಾಲವಿದು. ಹೋದವರು ಊರನ್ನು ಮರೆತಾರೆಂಬ ಅಳುಕು ಹಿರಿಯರಲ್ಲಿ ಸಹಜವಾಗಿಯೇ ಇದೆ. ಮಾನವಶಾಸ್ತ್ರಜ್ಞ ಶ್ರೀನಿವಾಸರ ಬಾಳನ್ನು ಇಂತಹ ಸಂದರ್ಭದಲ್ಲಿ ನೆನೆಯುವುದು ಉಚಿತ.

1916ರಲ್ಲಿ ಮೈಸೂರಿನಲ್ಲಿ ಜನಿಸಿದ ಇವರು ಮಹಾರಾಜ ಕಾಲೇಜಿನಲ್ಲಿ ಓದಿ, ಮುಂಬಯಿಯಲ್ಲಿ ಪ್ರೊ. ಘುರ್ಯೆಯವರ ಶಿಷ್ಯರಾದರು. 1945ರಲ್ಲಿ ಆಕ್ಸ್‌ಫರ್ಡಿಗೆ ಹೋಗಿ, ರ್‍ಯಾಡ್‌ಕ್ಲಿಫ್ ಬ್ರೌನ್ ಮತ್ತು ಇವಾನ್ಸ್ ಪ್ರಿಚರ್ಡ್ ಅವರ ಮಾರ್ಗದರ್ಶನದಲ್ಲಿ ಕೊಡವರ ಧರ್ಮ ಹಾಗೂ ಸಮಾಜವನ್ನು ಕುರಿತು ಪ್ರಬಂಧ ರಚಿಸಿದರು. ಅಲ್ಲಿಯೇ ಅಧ್ಯಾಪಕ ಹುದ್ದೆಯೂ ದೊರೆಯಿತು. ಆದರೆ 1948ರಲ್ಲಿ ಅವರು ಬಂದು ತಂಗಿದ್ದು ಮೈಸೂರು ಸೀಮೆಯ ಕೊಡಗಹಳ್ಳಿಯಲ್ಲಿ. ಅದೂ ಪಟೇಲರು ಎತ್ತುಗಳನ್ನು ಕಟ್ಟುತ್ತಿದ್ದ ಮನೆಯಲ್ಲಿ! ತಮ್ಮ ಬರಹಗಳಲ್ಲಿ ಈ ಊರನ್ನು ರಾಂಪುರವೆಂದು ಕರೆದರು. ಬೇಸಾಯ, ಹಬ್ಬ, ಜಗಳ, ನ್ಯಾಯತೀರ್ಮಾನಗಳೆಲ್ಲವನ್ನೂ ಕಣ್ಣಾರೆ ಕಂಡು ಬರೆದಿಟ್ಟುಕೊಂಡರು. ಮುಂದೆ ಬರೋಡ, ದೆಹಲಿಗಳಲ್ಲಿ ಪ್ರಾಧ್ಯಾಪಕರಾದರು.

1970ರ ಏಪ್ರಿಲ್‌ನಲ್ಲಿ ಅವರು ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿದ್ದಾಗ, ಯಾರೋ ದುಷ್ಕರ್ಮಿಗಳು ಹಚ್ಚಿದ ಬೆಂಕಿಗೆ ಆ ಹಳ್ಳಿಯನ್ನು ಕುರಿತು 18 ವರ್ಷಗಳಲ್ಲಿ ಪರಿಷ್ಕರಿಸಿದ್ದ ಟಿಪ್ಪಣಿಗಳ ಮೂರು ಪ್ರತಿಗಳೂ ಆಹುತಿಯಾದವು. ವಿದ್ವಾಂಸನೊಬ್ಬನಿಗೆ ಇದಕ್ಕಿಂತ ಘೋರವಾದ ನಷ್ಟ ಬೇರೊಂದುಂಟೇ? ಮಾನವಶಾಸ್ತ್ರಜ್ಞ ಸೋಲ್ ಟ್ಯಾಕ್ಸ್ ಅವರ ಸಲಹೆಯಂತೆ, ಕೇವಲ ನೆನಪನ್ನು ಆಧರಿಸಿ ಬರೆಯಲು ಕುಳಿತರು. ಎಂದೋ ಕಂಡ ಹಳ್ಳಿ, ಅದರ ಜನ, ಅವರ ಮಾತುಕತೆ ಎಲ್ಲವೂ ಸಾವಿರಾರು ಮೈಲಿಗಳಾಚೆ ಮರಳಿ ಮೂಡಿದವು. ಆ ಗ್ರಂಥವೇ 1976ರಲ್ಲಿ ಪ್ರಕಟವಾದ ‘ದಿ ರಿಮೆಂಬರ್ಡ್ ವಿಲೇಜ್’.

ಅಷ್ಟರಲ್ಲಿ, 1972ರಲ್ಲಿಯೇ, ದೆಹಲಿಯನ್ನು ಬಿಟ್ಟು ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಪರಿವರ್ತನ ಸಂಸ್ಥೆಯನ್ನು ಸೇರಿದ್ದರು. 1999ರ ನವೆಂಬರ್ 30ರಂದು ಅದೇ ನಗರದಲ್ಲಿ ನಿಧನರಾದರು.