ಕಿವಿಯೊಳಗಿನ ಅಲೆಯನ್ನು ಕಂಡ ಬೇಕೇಶಿ

ಬೋಧನಾಭ್ಯಾಸಕ್ಕೆಂದು ನಮ್ಮ ತಂಡದವರನ್ನು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಶಾಲೆಗಳಿಗೆ ಹಂಚಿದಾಗ ನನಗೆ ಬಂದದ್ದು ಪಾಂಡವಪುರದ ಕಡೆಯ ಒಂದು ಪ್ರೌಢಶಾಲೆ. ಎಂಟನೆಯ ತರಗತಿಗೆ ‘ಶಬ್ದ’ ಪಾಠ ಮಾಡಬೇಕಿತ್ತು. ಕಿವಿಯ ರಚನೆ ಹೇಳುವಾಗ ಒಬ್ಬ ವಿಜ್ಞಾನಿಯ ಬದುಕನ್ನೂ ಹೇಳೋಣವೆಂದು ಗೆಯೋರ್ಗ್ ಫಾನ್ ಬೇಕೇಶಿ ಅವರನ್ನು ಆರಿಸಿಕೊಂಡೆ. ಪಾಠ ನಾನು ಅಂದುಕೊಂಡಂತೆ ನಡೆಯಲಿಲ್ಲ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಬೇಕೇಶಿ ಹುಟ್ಟಿದ್ದು 1899ರ ಜೂನ್ 3ರಂದು, ಹಂಗೇರಿಯ ಬುಡಾಪೆಸ್ಟ್‌ನಲ್ಲಿ. ತಂದೆ ರಾಯಭಾರ ಸೇವೆಯಲ್ಲಿದ್ದುದರಿಂದ ಬಾಲ್ಯ ಊರೂರು ಸುತ್ತುವುದರಲ್ಲೇ ಕಳೆಯಿತು. ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ರಸಾಯನಶಾಸ್ತ್ರ ಓದಿದರು. 1923ರಲ್ಲಿ ಬುಡಾಪೆಸ್ಟ್ ವಿಶ್ವವಿದ್ಯಾಲಯದಿಂದ ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಪಡೆದರು. ಮೊದಲ ಮಹಾಯುದ್ಧದಲ್ಲಿ ಸೋತು ಬಡವಾಗಿದ್ದ ದೇಶದಲ್ಲಿ ಒಳ್ಳೆಯ ಉಪಕರಣಗಳಿದ್ದುದು ಅಂಚೆ ಇಲಾಖೆಯ ದೂರವಾಣಿ ಪ್ರಯೋಗಾಲಯದಲ್ಲಿ. ಅವರು ಅಲ್ಲಿಗೇ ಸೇರಿದರು.

ದೂರವಾಣಿಯಲ್ಲಿ ಮಾತು ಇನ್ನೂ ಚೆನ್ನಾಗಿ ಕೇಳಬೇಕಾದರೆ ಯಾವ ಭಾಗಕ್ಕೆ ಹಣ ಹಾಕಬೇಕು ಎಂಬುದು ಅಲ್ಲಿನ ಎಂಜಿನಿಯರುಗಳ ಪ್ರಶ್ನೆ. ಅದಕ್ಕೆ ಉತ್ತರ ಹೇಳಲು ಮನುಷ್ಯನ ಕಿವಿ ಎಷ್ಟು ಚೆನ್ನಾಗಿ ಕೇಳುತ್ತದೆ ಎಂದು ಮೊದಲು ತಿಳಿಯಬೇಕು. ಹೀಗೆ ತಂತಿಯ ಕೆಲಸಕ್ಕೆ ಬಂದವರು ಕಿವಿಯ ಒಳಗೆ ಹೊಕ್ಕರು.

ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಕಾಕ್ಲಿಯಾ ಇದೆ. ಅದರೊಳಗೆ ಸುಮಾರು 35 ಮಿಲಿಮೀಟರ್ ಉದ್ದದ ಪೊರೆ. ಪಿಯಾನೊ ತಂತಿಗಳಂತೆ ಈ ಪೊರೆಯ ಒಂದೊಂದು ಎಳೆಯೂ ತನ್ನದೇ ಸ್ಥಾಯಿಗೆ ಮಿಡಿಯುತ್ತದೆ ಎಂದು 19ನೆಯ ಶತಮಾನದಲ್ಲಿ ಹೆಲ್ಮ್‌ಹೋಲ್ಟ್ಸ್ ಊಹಿಸಿದ್ದರು. ಬೇಕೇಶಿ ಅದನ್ನು ಕಣ್ಣಾರೆ ನೋಡಲು ಹೊರಟರು. ಮೃತದೇಹಗಳ ಕಿವಿಯನ್ನು ತಂದು, ತಾವೇ ಮಾಡಿಕೊಂಡ ಸಣ್ಣ ಸಲಕರಣೆಗಳಿಂದ ನೀರಿನೊಳಗೇ ಬಿಡಿಸಿದರು. ಬೆಳಗಾದರೆ ಕಾರ್ಯಾಗಾರದ ಯಂತ್ರಗಳ ಮೇಲೆ ಮೂಳೆಯ ಪುಡಿ ಕಂಡು ಅಲ್ಲಿನ ಕೆಲಸಗಾರರು ಸಿಡಿಮಿಡಿಗೊಳ್ಳುತ್ತಿದ್ದರಂತೆ. ಕಾಕ್ಲಿಯಾದೊಳಗೆ ಬೆಳ್ಳಿಯ ಪುಡಿ ಉದುರಿಸಿ, ಮಿನುಗುವ ಬೆಳಕಿನಲ್ಲಿ ಸೂಕ್ಷ್ಮದರ್ಶಕದಿಂದ ನೋಡಿದರು. ಕಂಡದ್ದು ಬಿಡಿ ತಂತಿಗಳ ಮಿಡಿತವಲ್ಲ, ಸಾಗುವ ಅಲೆ. ಒಂದು ತುದಿಯಲ್ಲಿ ಹುಟ್ಟಿ, ಮುಂದೆ ಸಾಗುತ್ತ ಒಂದು ಜಾಗದಲ್ಲಿ ಉಬ್ಬಿ, ಅಲ್ಲಿಂದಾಚೆಗೆ ಅಡಗುತ್ತದೆ. ಬಾಗಿಲ ಬಳಿ ಪೊರೆ ಕಿರಿದು, ಬಿಗಿ. ಆಚೆ ತುದಿಯಲ್ಲಿ ಅಗಲ, ಸಡಿಲ. ಹಾಗಾಗಿ ಕೊಳಲಿನ ಕೀರಲು ದನಿ ಬಾಗಿಲ ಬಳಿಯೇ ಉಬ್ಬಿದರೆ, ಡೊಳ್ಳಿನ ದಪ್ಪ ದನಿ ಆಚೆ ತುದಿಯವರೆಗೆ ಸಾಗುತ್ತದೆ.

1946ರಲ್ಲಿ ಅವರು ಸ್ವೀಡನ್‌ಗೆ, ಮರುವರ್ಷ ಅಮೆರಿಕದ ಹಾರ್ವರ್ಡ್‌ಗೆ ಹೋದರು. ದ್ರವ ತುಂಬಿದ ಕೊಳವೆಗೆ ಪೊರೆ ಹೊದಿಸಿ ಕಾಕ್ಲಿಯಾದ ದೊಡ್ಡ ಮಾದರಿ ಮಾಡಿದರು. ಅದರ ಮೇಲೆ ಮುಂಗೈ ಇಟ್ಟರೆ, ಅಲೆ ಉದ್ದಕ್ಕೂ ಸಾಗುತ್ತಿದ್ದರೂ ಕಂಪನ ಒಂದೇ ಜಾಗದಲ್ಲಿ ಆದಂತೆ ಅನ್ನಿಸುತ್ತಿತ್ತು. 1961ರಲ್ಲಿ ಈ ಭೌತವಿಜ್ಞಾನಿಗೆ ವೈದ್ಯಕೀಯ ವಿಭಾಗದ ನೊಬೆಲ್ ಪ್ರಶಸ್ತಿ ಬಂತು. 1966ರಲ್ಲಿ ಹವಾಯಿಗೆ ಹೋದ ಅವರು 1972ರ ಜೂನ್ 13ರಂದು ಅಲ್ಲೇ ತೀರಿಕೊಂಡರು.

ಅವರ ಒಂದು ನಂಬಿಕೆ ನನಗೆ ಬಹಳ ಹಿಡಿಸಿತು. ತನ್ನ ತಪ್ಪುಗಳನ್ನು ಶ್ರಮವಹಿಸಿ ಹುಡುಕುವ ಸಮರ್ಥ ಎದುರಾಳಿ ವಿಜ್ಞಾನಿಗೆ ಬೇಕೇ ಬೇಕು ಎನ್ನುತ್ತಿದ್ದರು. ಅಂಥವರು ಕ್ರಮೇಣ ಸ್ನೇಹಿತರಾಗಿಬಿಡುತ್ತಾರೆ ಎಂಬುದೇ ಅವರ ಕೊರಗು. ಅವರ ಕೆಲಸಕ್ಕೂ ತಿದ್ದುಪಡಿ ಬಂತು. ಅವರು ನೋಡಿದ್ದು ಸತ್ತ ಕಿವಿ, ಬಳಸಿದ್ದು ಬಹಳ ಜೋರಾದ ಶಬ್ದ. 1971ರಲ್ಲಿ ವಿಲಿಯಂ ರೋಡ್ ಜೀವಂತ ಕೋತಿಗಳ ಕಿವಿಯಲ್ಲಿ ಅಳೆದಾಗ, ಮೆಲುದನಿಗೆ ಪೊರೆ ಇನ್ನೂ ಚುರುಕಾಗಿ ಸ್ಪಂದಿಸುವುದು ಕಂಡಿತು. ಅಲ್ಲಿನ ರೋಮಕೋಶಗಳು ಅಲೆಗೆ ಬಲ ಕೊಡುತ್ತವೆ ಎಂಬುದು ಆಮೇಲೆ ತಿಳಿಯಿತು.

ದನಿಗೊಂದು ಜಾಗ ಎಂಬ ತತ್ವ ಮಾತ್ರ ಉಳಿಯಿತು. ಕಾಕ್ಲಿಯರ್ ಇಂಪ್ಲಾಂಟ್ ಮಾತನ್ನು ಸ್ಥಾಯಿಗೆ ತಕ್ಕಂತೆ ಪಟ್ಟಿಗಳಾಗಿ ಒಡೆದು, ಕೀರಲು ಭಾಗವನ್ನು ಕಾಕ್ಲಿಯಾದ ಬಾಗಿಲ ಬಳಿಯ ವಿದ್ಯುದಗ್ರಗಳಿಗೂ ದಪ್ಪ ಭಾಗವನ್ನು ಒಳಗಿನವಕ್ಕೂ ಕಳಿಸುತ್ತದೆ. ಮಾತನ್ನು ಗುರುತಿಸುವ ಎಷ್ಟೋ ಕಂಪ್ಯೂಟರ್ ವಿಧಾನಗಳೂ ಕಿವಿಯಂತೆಯೇ ಕೆಳಸ್ಥಾಯಿಯನ್ನು ಸಣ್ಣ ಪಟ್ಟಿಗಳಾಗಿ, ಮೇಲಿನದನ್ನು ಅಗಲ ಪಟ್ಟಿಗಳಾಗಿ ವಿಂಗಡಿಸುತ್ತವೆ. ಆದರೆ ಸಾವಿರಾರು ರೋಮಕೋಶಗಳ ಕೆಲಸವನ್ನು ಇಂಪ್ಲಾಂಟಿನಲ್ಲಿ ಇಪ್ಪತ್ತರ ಆಸುಪಾಸಿನ ವಿದ್ಯುದಗ್ರಗಳು ಮಾಡಬೇಕು.

ಇದನ್ನೆಲ್ಲ ನಾನು ಕಪ್ಪುಹಲಗೆಯಲ್ಲಿ ಕಾಕ್ಲಿಯಾ ಬರೆಯುತ್ತ, ತರಗತಿಗೆ ಬೆನ್ನು ಮಾಡಿಯೇ ವಿವರಿಸಿದೆ. ಎರಡನೆಯ ಬೆಂಚಿನಲ್ಲಿ ಕಿವಿಯ ಹಿಂದೆ ಯಂತ್ರ ಹಾಕಿಕೊಂಡಿದ್ದ ಹುಡುಗಿ ನನ್ನ ಒಂದು ಪ್ರಶ್ನೆಗೂ ಉತ್ತರಿಸಲಿಲ್ಲ, ಗಮನವಿಲ್ಲವೆಂದು ಗದರಿದೆ. ಅವಳು ತುಟಿ ನೋಡಿಕೊಂಡೇ ಪಾಠ ಹಿಡಿಯುತ್ತಾಳೆ, ನಾನು ಮುಖವನ್ನೇ ತೋರಿಸಲಿಲ್ಲ ಎಂದು ವೀಕ್ಷಣಾ ಪುಸ್ತಕದಲ್ಲಿ ಮಾರ್ಗದರ್ಶಿ ಶಿಕ್ಷಕರು ಬರೆದರು. ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆಯಾಯಿತು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಲ್ಲಿಗೆ ದೂರವೇನಲ್ಲ. ಯಂತ್ರ ಹಾಕಿಕೊಂಡ ಮಕ್ಕಳು ನಮ್ಮ ಯಾವ ತರಗತಿಯಲ್ಲಾದರೂ ಇರಬಹುದು.

ಮಾರನೆಯ ದಿನ ಅವಳ ಬಳಿ ಹೋಗಿ ತಪ್ಪಾಯಿತೆಂದೆ. ಚಿತ್ರವನ್ನು ಮನೆಯಲ್ಲೇ ಹಾಳೆಯ ಮೇಲೆ ಬರೆದು ತಂದಿದ್ದೆ. ಮಕ್ಕಳ ಕಡೆ ತಿರುಗಿ ಅದೇ ಪಾಠವನ್ನು ಮತ್ತೆ ಮಾಡಿದೆ. ಡೊಳ್ಳಿನ ದನಿ ಎಲ್ಲಿ ಉಬ್ಬುತ್ತದೆ ಎಂದು ಕೇಳಿದಾಗ ಅವಳೇ ಎದ್ದು ಬಂದು ಸುರುಳಿಯ ಒಳತುದಿಯ ಮೇಲೆ ಬೆರಳಿಟ್ಟಳು.