ಶಿಸ್ತಿನ ಶಿವಪ್ಪನಾಯಕ

ನಾನು ವಾಸವಾಗಿರುವ ಮಾರೇನಹಳ್ಳಿಯಲ್ಲಿ ಹಳ್ಳಿಯೆಂಬುದು ಈಗ ಹೆಸರಿನಲ್ಲಿ ಮಾತ್ರ ಉಳಿದಿದೆ. ಗದ್ದೆ, ಕಣಗಳ ಜಾಗದಲ್ಲಿ ಮನೆಗಳ ಸಾಲು ಎದ್ದಿದೆ. ಇಲ್ಲಿ ಬೆಳೆದ ವಿದ್ಯಾರ್ಥಿಗಳನ್ನು, ಶಿಸ್ತಿನ ಶಿವಪ್ಪನಾಯಕನೆಂಬ ಹೆಸರು ಹೇಗೆ ಬಂದಿತೆಂದು ಕೇಳಿದರೆ, ಆತ ಬಹಳ ಕಟ್ಟುನಿಟ್ಟಿನ ಅರಸನೆಂದು ಉತ್ತರ ಬರುವುದು ಸಹಜ. ನಾನೂ ಬಹುಕಾಲ ಹಾಗೆಯೇ ತಿಳಿದಿದ್ದೆ. ಆ ಶಿಸ್ತು ನಡತೆಯದಲ್ಲ, ನೆಲದ್ದು ಎಂಬುದು ನನಗೆ ಮನದಟ್ಟಾದದ್ದು ಕವಲೇದುರ್ಗವನ್ನು ಹತ್ತಿದ ಮೇಲೆ.

ತೀರ್ಥಹಳ್ಳಿ ತಾಲ್ಲೂಕಿನ ಈ ದುರ್ಗಕ್ಕೆ ಭುವನಗಿರಿಯೆಂಬ ಹೆಸರೂ ಉಂಟು. ಮೂರು ಸುತ್ತಿನ ಕೋಟೆಯನ್ನು ದಾಟಿ ಮೇಲೇರಿದರೆ ದೇಗುಲ, ಕೊಳ, ಅರಮನೆಯ ಜಗತಿ, ಕಲ್ಲಿನ ಒಲೆ ಕಾಣುತ್ತವೆ. ಕೆಳದಿಯ ಹಿರಿಯ ವೆಂಕಟಪ್ಪನಾಯಕನು ಇಲ್ಲಿ ಅರಮನೆಯನ್ನಷ್ಟೇ ಅಲ್ಲದೆ ಮಹತ್ತಿನ ಮಠವನ್ನೂ ಅಗ್ರಹಾರವನ್ನೂ ಕಣಜವನ್ನೂ ನೆಲೆಗೊಳಿಸಿದನು. ಅರಸು ಮತ್ತು ಜಂಗಮ ಒಂದೇ ಬೆಟ್ಟದ ಮೇಲೆ ಬಾಳಿದರು. ಇಬ್ಬರ ಅನ್ನವೂ ಬೆಟ್ಟದ ಕೆಳಗಿನಿಂದಲೇ ಬರಬೇಕಾಗಿತ್ತು.

ಆ ಅನ್ನದ ಲೆಕ್ಕವನ್ನು ನ್ಯಾಯವಾಗಿ ಕಟ್ಟಲು ಹೊರಟವನು ಶಿವಪ್ಪನಾಯಕ. 1645ರಲ್ಲಿ ವೀರಭದ್ರನಾಯಕನ ತರುವಾಯ ಬಿದನೂರಿನ ಗದ್ದುಗೆಯೇರಿದನು. ಬಿಜಾಪುರದವರ ದಾಳಿಗೆ ಇಕ್ಕೇರಿ ನಲುಗಿ, ರಾಜಧಾನಿ ಬಿದನೂರಿಗೆ ಬಂದು ಇನ್ನೂ ಹೆಚ್ಚು ವರ್ಷಗಳಾಗಿರಲಿಲ್ಲ. ಶಿವಪ್ಪನಾಯಕನು ಕರಾವಳಿಯಲ್ಲಿ ಪೋರ್ಚುಗೀಸರ ಕೋಟೆಗಳನ್ನು ಗೆದ್ದನು. ನೆಲೆತಪ್ಪಿ ಬಂದ ವಿಜಯನಗರದ ಶ್ರೀರಂಗರಾಯನಿಗೆ ಆಶ್ರಯವಿತ್ತನು. ಶ್ರೀರಂಗಪಟ್ಟಣದವರೆಗೂ ದಂಡೆತ್ತಿ ಹೋಗಿ, ಅದನ್ನು ಹಿಡಿಯಲಾರದೆ ಹಿಂದಿರುಗಿದನು. ಪಠ್ಯಪುಸ್ತಕಗಳಿಗೆ ಇಷ್ಟು ಸಾಕು. ಆದರೆ ಜನರು ಅವನ ಹೆಸರಿಗೆ ಜೋಡಿಸಿದ್ದು ಗೆದ್ದ ಕೋಟೆಯನ್ನಲ್ಲ, ಕಂದಾಯದ ಕ್ರಮವನ್ನು.

ಶಿಸ್ತು ಎಂದರೆ ಭೂಮಿಗೆ ಗೊತ್ತುಪಡಿಸಿದ ತೆರಿಗೆ. ಊರೂರಿನಲ್ಲಿ ಒಂದೊಂದು ಬಗೆಯ ಹೊಲವನ್ನು ಆಯ್ದು, ಅರಸನೇ ತನ್ನ ಖರ್ಚಿನಲ್ಲಿ ಹಲವು ವರ್ಷ ಸಾಗುವಳಿ ಮಾಡಿಸಿ, ಬಿತ್ತಿದ ಬೀಜ, ತಗುಲಿದ ವೆಚ್ಚ, ಬಂದ ಬೆಳೆಗಳ ಲೆಕ್ಕವಿರಿಸಿದನೆಂದು ಪ್ರತೀತಿ. ನೆಲವನ್ನು ಉತ್ತಮ, ಮಧ್ಯಮ, ಕನಿಷ್ಠ, ಅಧಮ, ಅಧಮಾಧಮವೆಂದು ಐದಾಗಿ ವಿಂಗಡಿಸಿ, ಬೆಳೆಯ ಮೂರನೆಯ ಒಂದು ಪಾಲನ್ನು ಅರಮನೆಯದೆಂದು ನಿಶ್ಚಯಿಸಿದನು. ಮೂರರಲ್ಲೊಂದು ಹಗುರವಾದ ಹೊರೆಯೇನಲ್ಲ. ಆದರೆ ಎಷ್ಟು ಕೊಡಬೇಕೆಂಬುದು ರೈತನಿಗೆ ಮೊದಲೇ ತಿಳಿದಿರುವುದು ಆ ಕಾಲದಲ್ಲಿ ಸಣ್ಣ ಸಂಗತಿಯಲ್ಲ. 1660ರಲ್ಲಿ ಅವನು ತೀರಿಕೊಂಡ ಮೇಲೂ ಶಿಸ್ತು ಉಳಿಯಿತು. ಆದರೆ ಹಾಗೆಯೇ ಉಳಿಯಲಿಲ್ಲ. ಬಂದವರಿಗೆಲ್ಲ ಉಣಬಡಿಸುವ ದಾಸೋಹಕ್ಕೆಂದು ಮುಂದಿನವರು ಅದರ ಮೇಲೆ ಒಂದು ಪಟ್ಟಿಯನ್ನು ಸೇರಿಸಿದರು. ಪುಣ್ಯ ಅರಮನೆಗೆ ಸಂದಿತು. ಕಾಳು ಒಕ್ಕಲಿನ ಕಣದಿಂದ ಹೋಯಿತು.

ದೂರದ ವೇಲ್ಸ್ ನಾಡಿನಲ್ಲಿ ಮಾರ್ಗಮ್ ಎಂಬ ಎಸ್ಟೇಟಿದೆ. 1147ರಲ್ಲಿ ಅಲ್ಲಿ ಕ್ರೈಸ್ತ ಸಂನ್ಯಾಸಿಗಳ ಮಠವೊಂದು ಸ್ಥಾಪನೆಯಾಯಿತು. ಎಂಟನೆಯ ಹೆನ್ರಿ 1536ರಲ್ಲಿ ಅದನ್ನು ಮುಚ್ಚಿಸಿದನು. ಜಮೀನು ಸಿರಿವಂತ ಮನೆತನವೊಂದಕ್ಕೆ ಮಾರಾಟವಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಮಠದ ಅವಶೇಷಗಳ ಪಕ್ಕದಲ್ಲಿಯೇ ಭವ್ಯವಾದ ಬಂಗಲೆ ಎದ್ದಿತು. ಅಲ್ಲಿ ಅರಸು ಮಠದ ನೆಲವನ್ನು ಕಿತ್ತುಕೊಂಡಿತು. ಇಲ್ಲಿ ಅರಸು ಮಠಕ್ಕೆ ನೆಲೆ ಕೊಟ್ಟಿತು. ಕಿತ್ತುಕೊಂಡರೂ ಕೊಟ್ಟರೂ ಉತ್ತವನನ್ನು ಕೇಳಿದವರಿಲ್ಲ. ಕೇಳದಿದ್ದರೂ ಅವನ ಹೊಲದ ಕಡೆಗೆ ತಿರುಗಿ ನೋಡಿದ್ದೇ ಶಿವಪ್ಪನಾಯಕನ ಹೆಚ್ಚುಗಾರಿಕೆ.

1763ರಲ್ಲಿ ಬಿದನೂರು ಹೈದರಾಲಿಯ ವಶವಾಯಿತು. ಕೆಳದಿಯ ಅರಸುತನ ಅಳಿಯಿತು. ಬೆಟ್ಟದ ಮೇಲಿನ ಅರಮನೆಯ ಒಲೆಯಲ್ಲಿ ಇಂದು ಮಳೆಯ ನೀರು ನಿಲ್ಲುತ್ತದೆ. ನಾನು ಇಳಿದು ಬರುವಾಗ ಸಂಜೆಯಾಗಿತ್ತು. ಕೋಟೆಗೆ ಹೋಗುವ ದಾರಿ ಗದ್ದೆಗಳ ನಡುವೆಯೇ ಸಾಗುತ್ತದೆ. ಹತ್ತುವಾಗ ಅವುಗಳನ್ನು ನಾನು ಗಮನಿಸಿರಲೇ ಇಲ್ಲ. ಮೇಲೆ ಕಲ್ಲು ಕುಸಿದಿತ್ತು, ಕೆಳಗೆ ಪೈರು ನಿಂತಿತ್ತು. ಆ ಗದ್ದೆ ಉತ್ತಮವೋ ಮಧ್ಯಮವೋ ನಾನರಿಯೆ. ಆದರೆ ಶಿವಪ್ಪನಾಯಕನ ನಿಜವಾದ ಸ್ಮಾರಕ ಎಲ್ಲಿದೆಯೆಂದು ವಿದ್ಯಾರ್ಥಿಗಳು ಕೇಳಿದರೆ, ಇನ್ನು ಮುಂದೆ ನಾನು ಬೆಟ್ಟದ ತುದಿಯನ್ನು ತೋರಿಸಲಾರೆ.