ಆಲ್‌ಫ್ರೆಡ್ ಬಿನೆ ಮತ್ತು ಬುದ್ಧಿಶಕ್ತಿಯ ಅಳತೆ

ಬುದ್ಧಿಶಕ್ತಿಯ ಪಾಠ ಎಲ್ಲಿ ಬಂದರೂ ಅಲ್ಲಿ ಆಲ್‌ಫ್ರೆಡ್ ಬಿನೆ ಅವರ ಹೆಸರು ಬರುತ್ತದೆ. ಪ್ರಶಿಕ್ಷಣಾರ್ಥಿಗಳಾದ ನಾವು 1905, ಬಿನೆ–ಸೈಮನ್ ಮಾಪನ, ಮಾನಸಿಕ ವಯಸ್ಸು ಎಂದು ನೆನಪಿಟ್ಟುಕೊಂಡು ಮುಂದಿನ ಘಟಕಕ್ಕೆ ಹೋಗುತ್ತೇವೆ. ಆದರೆ ಆ ಮಾಪನ ಯಾವ ಮಕ್ಕಳಿಗಾಗಿ ಹುಟ್ಟಿತು, ಅದನ್ನು ರೂಪಿಸಿದವರು ಅದನ್ನು ಎಷ್ಟು ಎಚ್ಚರದಿಂದ ಬಳಸಿದರು ಎಂಬುದು ಅವರ ಜೀವನವನ್ನು ನೋಡಿದರೆ ಮಾತ್ರ ತಿಳಿಯುತ್ತದೆ.

ಬಿನೆ 1857ರ ಜುಲೈ 8ರಂದು ನೀಸ್ ಪಟ್ಟಣದಲ್ಲಿ ಜನಿಸಿದರು. ತಂದೆ ವೈದ್ಯರು, ತಾಯಿ ಚಿತ್ರ ಕಲಾವಿದೆ. 1878ರಲ್ಲಿ ಕಾನೂನು ಪದವಿ ಪಡೆದರೂ ವಕೀಲಿ ವೃತ್ತಿ ಅವರಿಗೆ ಹಿಡಿಸಲಿಲ್ಲ. ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಕುಳಿತು ಮನೋವಿಜ್ಞಾನವನ್ನು ತಾವೇ ಓದಿ ಕಲಿತರು.

ಮುಂದೆ ಅವರು ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ ಪ್ರಸಿದ್ಧ ನರರೋಗ ತಜ್ಞ ಶಾರ್ಕೋ ಅವರ ಬಳಿ ಸಂಮೋಹನದ ಅಧ್ಯಯನಕ್ಕೆ ಸೇರಿದರು. ಸಂಮೋಹನದಲ್ಲಿರುವ ರೋಗಿಯ ದೇಹದ ಒಂದು ಬದಿಯ ಲಕ್ಷಣವನ್ನು ಅಯಸ್ಕಾಂತದ ಸಹಾಯದಿಂದ ಇನ್ನೊಂದು ಬದಿಗೆ ಸರಿಸಬಹುದು ಎಂದು ಫೆರೆ ಎಂಬ ಸಹೋದ್ಯೋಗಿಯೊಂದಿಗೆ ಪ್ರಕಟಿಸಿದರು. ಬೆಲ್ಜಿಯಂನ ಡೆಲ್ಬೆಫ್ ಇದನ್ನು ಪರೀಕ್ಷಿಸಿ, ಕೆಲಸ ಮಾಡಿದ್ದು ಅಯಸ್ಕಾಂತವಲ್ಲ, ರೋಗಿಯ ಎದುರಿಗೇ ಪ್ರಯೋಗಕಾರರು ಆಡುತ್ತಿದ್ದ ಮಾತುಗಳು ಎಂದು ತೋರಿಸಿದರು. ಬಿನೆ ಕೊನೆಗೆ ತಮ್ಮ ತಪ್ಪನ್ನು ಒಪ್ಪಿಕೊಳ್ಳಬೇಕಾಯಿತು. ಪ್ರಯೋಗ ಮಾಡುವವರ ನಿರೀಕ್ಷೆಯೇ ಫಲಿತಾಂಶವಾಗಿ ಕಾಣಿಸಿಕೊಳ್ಳಬಹುದು ಎಂಬ ಎಚ್ಚರ ಅಂದಿನಿಂದ ಅವರ ಜೊತೆಗೇ ಉಳಿಯಿತು.

ಆಸ್ಪತ್ರೆ ಬಿಟ್ಟ ಮೇಲೆ ಅವರ ಪ್ರಯೋಗಶಾಲೆ ಮನೆಯೇ ಆಯಿತು. ಮದಲೇನ್ ಮತ್ತು ಆಲಿಸ್ ಎಂಬ ಇಬ್ಬರು ಹೆಣ್ಣುಮಕ್ಕಳನ್ನು ಅವರು ವರ್ಷಗಟ್ಟಲೆ ಗಮನಿಸಿದರು. ನಡೆಯಲು ಕಲಿಯುವಾಗ ಒಬ್ಬಳು ಆಸರೆಯಿಂದ ಆಸರೆಗೆ ನೋಡಿಕೊಂಡು ಹೆಜ್ಜೆಯಿಟ್ಟರೆ, ಇನ್ನೊಬ್ಬಳು ಬಿದ್ದರೆ ಬೀಳಲಿ ಎಂಬಂತೆ ಕೋಣೆಯ ನಡುವಿಗೇ ನುಗ್ಗುತ್ತಿದ್ದಳು. ಒಂದೇ ಮನೆಯಲ್ಲಿ ಬೆಳೆದ ಮಕ್ಕಳೂ ಬೇರೆ ಬೇರೆ ದಾರಿಯಲ್ಲಿ ಕಲಿಯುತ್ತಾರೆ ಎಂಬುದನ್ನು ಅವರು ಹೀಗೆ ಕಣ್ಣಾರೆ ಕಂಡರು.

1891ರಲ್ಲಿ ಸೋರ್ಬಾನ್ ವಿಶ್ವವಿದ್ಯಾಲಯದ ಪ್ರಯೋಗಶಾಲೆಗೆ ಸೇರಿ, 1894ರಲ್ಲಿ ಅದರ ನಿರ್ದೇಶಕರಾದರು. ತಲೆಯ ಗಾತ್ರಕ್ಕೂ ಬುದ್ಧಿಗೂ ಸಂಬಂಧವಿದೆ ಎಂದು ಆಗ ಅನೇಕರು ನಂಬಿದ್ದರು. ಬಿನೆ ಕೂಡ ಶಾಲಾಮಕ್ಕಳ ತಲೆಗಳನ್ನು ಅಳೆದು ನೋಡಿದರು. ಜಾಣರೆನಿಸಿಕೊಂಡವರಿಗೂ ಹಿಂದುಳಿದವರಿಗೂ ಸಿಕ್ಕ ವ್ಯತ್ಯಾಸ ತೀರಾ ಅಲ್ಪ. ಅಳೆಯುವಾಗ ತಮ್ಮ ಕೈಯೇ ನಿರೀಕ್ಷೆಯ ಕಡೆಗೆ ವಾಲಬಹುದೆಂಬ ಅನುಮಾನವೂ ಅವರಿಗಿತ್ತು. ಹಾಗಾಗಿ ಆ ದಾರಿಯನ್ನು ಅವರು ಕೈಬಿಟ್ಟರು.

ಫ್ರಾನ್ಸಿನಲ್ಲಿ 1882ರಿಂದ ಪ್ರಾಥಮಿಕ ಶಿಕ್ಷಣ ಕಡ್ಡಾಯವಾಗಿತ್ತು. ಎಲ್ಲ ಬಗೆಯ ಮಕ್ಕಳೂ ತರಗತಿಗೆ ಬರತೊಡಗಿದರು. ಕೆಲವರು ಪಾಠದ ವೇಗಕ್ಕೆ ಹೊಂದಿಕೊಳ್ಳಲಾಗದೆ ಹಿಂದುಳಿದರು. ಅಂಥವರ ಶಿಕ್ಷಣದ ಬಗ್ಗೆ ಯೋಚಿಸಲು ಸರ್ಕಾರ 1904ರಲ್ಲಿ ಒಂದು ಆಯೋಗ ನೇಮಿಸಿತು. ಬಿನೆ ಅದರ ಸದಸ್ಯರಾಗಿದ್ದರು. ಯಾರಿಗೆ ವಿಶೇಷ ನೆರವು ಬೇಕು ಎಂಬುದನ್ನು ಶಿಕ್ಷಕರ ಅಥವಾ ವೈದ್ಯರ ಮನಸ್ಸಿಗೆ ತೋಚಿದಂತೆ ತೀರ್ಮಾನಿಸಿದರೆ ಮಗುವಿಗೆ ಅನ್ಯಾಯವಾಗಬಹುದು ಎಂಬುದು ಅವರ ಚಿಂತೆಯಾಗಿತ್ತು.

ಯುವ ವೈದ್ಯ ಥಿಯೋಡೋರ್ ಸೈಮನ್ ಜೊತೆ ಸೇರಿ 1905ರಲ್ಲಿ ಅವರು 30 ಅಂಶಗಳ ಮಾಪನವನ್ನು ಪ್ರಕಟಿಸಿದರು. ಉರಿಯುವ ಕಡ್ಡಿಯನ್ನು ಕಣ್ಣಿನಿಂದ ಹಿಂಬಾಲಿಸುವುದು ಮೊದಲ ಅಂಶ. ಚಾಕೊಲೇಟ್ ಚೂರನ್ನು ಅಷ್ಟೇ ಗಾತ್ರದ ಮರದ ತುಂಡಿನಿಂದ ಗುರುತಿಸುವುದು, ಅಂಕಿಗಳನ್ನು ಮರಳಿ ಹೇಳುವುದು, ತೂಕಗಳನ್ನು ಹೋಲಿಸುವುದು ಮುಂತಾದವು ಕ್ರಮವಾಗಿ ಕಠಿಣವಾಗುತ್ತಾ ಹೋಗಿ, ಅಮೂರ್ತ ಪದಗಳ ಅರ್ಥವ್ಯತ್ಯಾಸ ಹೇಳುವಲ್ಲಿಗೆ ಮುಗಿಯುತ್ತಿದ್ದವು. 1908ರ ಪರಿಷ್ಕರಣೆಯಲ್ಲಿ ಈ ಅಂಶಗಳನ್ನು ವಯಸ್ಸಿಗೆ ತಕ್ಕಂತೆ ಜೋಡಿಸಲಾಯಿತು. 8 ವರ್ಷದ ಮಗು 6 ವರ್ಷದ ಮಟ್ಟದ ಅಂಶಗಳನ್ನಷ್ಟೇ ಮಾಡಿದರೆ, ಅದರ ಮಾನಸಿಕ ಮಟ್ಟ 6 ವರ್ಷದ್ದು.

ಆದರೆ ಇದು ಎತ್ತರ ತೂಕಗಳಂತಹ ಅಳತೆಯಲ್ಲ, ಇಂದಿನ ಸ್ಥಿತಿಯ ಒಂದು ಸೂಚನೆ ಮಾತ್ರ ಎಂಬುದು ಅವರ ನಿಲುವು. ಬುದ್ಧಿ ಹುಟ್ಟಿನಿಂದಲೇ ನಿಗದಿಯಾದದ್ದು ಎಂಬ ಮಾತನ್ನು 1909ರ ಪುಸ್ತಕದಲ್ಲಿ ಅವರು ಗಟ್ಟಿಯಾಗಿ ವಿರೋಧಿಸಿದರು. ಹಿಂದುಳಿದ ಮಕ್ಕಳಿಗಾಗಿ ಮಾನಸಿಕ ವ್ಯಾಯಾಮಗಳನ್ನು ಸೂಚಿಸಿದರು. ಹೇಳಿದ ಕೂಡಲೇ ಕಲ್ಲಿನ ಮೂರ್ತಿಯಂತೆ ಅಲುಗಾಡದೆ ನಿಲ್ಲುವ ಆಟ ಅವುಗಳಲ್ಲಿ ಒಂದು. ಗಮನವನ್ನು ಹಿಡಿದಿಡಲು ಕಲಿತ ಮಗು ಪಾಠವನ್ನೂ ಕಲಿಯುತ್ತದೆ ಎಂಬುದು ಅದರ ಹಿಂದಿನ ವಿಚಾರ.

ಮೂರನೆಯ ಪರಿಷ್ಕರಣೆ ಬಂದ 1911ರಲ್ಲೇ, ಅಕ್ಟೋಬರ್ 18ರಂದು, 54ನೇ ವಯಸ್ಸಿನಲ್ಲಿ ಬಿನೆ ತೀರಿಕೊಂಡರು. ಬುದ್ಧಿಲಬ್ಧ, ಅಂದರೆ ಐ.ಕ್ಯೂ., ಅವರು ಕೊಟ್ಟದ್ದಲ್ಲ. ಮಾನಸಿಕ ವಯಸ್ಸನ್ನು ನಿಜ ವಯಸ್ಸಿನಿಂದ ಭಾಗಿಸುವ ಕ್ರಮವನ್ನು 1912ರಲ್ಲಿ ಜರ್ಮನಿಯ ವಿಲಿಯಂ ಸ್ಟರ್ನ್ ಸೂಚಿಸಿದರು. 1916ರಲ್ಲಿ ಅಮೆರಿಕದ ಟರ್ಮನ್ ತಮ್ಮ ಸ್ಟ್ಯಾನ್‌ಫರ್ಡ್–ಬಿನೆ ಪರೀಕ್ಷೆಯಲ್ಲಿ ಅದನ್ನು 100ರಿಂದ ಗುಣಿಸಿ ಬಳಕೆಗೆ ತಂದರು. ಅಮೆರಿಕದಲ್ಲೇ ಗಾಡರ್ಡ್ ಎಂಬವರು ಬಿನೆ ಮಾಪನವನ್ನು ಎಲ್ಲಿಸ್ ದ್ವೀಪಕ್ಕೆ ಬಂದಿಳಿದ ವಲಸಿಗರ ಮೇಲೆ ಪ್ರಯೋಗಿಸಿ, ಅನೇಕರಿಗೆ ಮಂದಬುದ್ಧಿಯ ಪಟ್ಟ ಕಟ್ಟಿದರು. ನೆರವಿಗೆಂದು ಹುಟ್ಟಿದ ಸಾಧನ ಹೀಗೆ ಜನರನ್ನು ಬೇರ್ಪಡಿಸುವ ಸಾಧನವೂ ಆಯಿತು. ನಮ್ಮಲ್ಲಿ ವಿ.ವಿ. ಕಾಮತ್ ಅವರು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಹೊಂದುವಂತೆ ಈ ಪರೀಕ್ಷೆಯನ್ನು ಪರಿಷ್ಕರಿಸಿದರು. ಬಿನೆ–ಕಾಮತ್ ಪರೀಕ್ಷೆ ಎಂದು ನಾವು ಓದುವುದು ಅದನ್ನೇ.

ಅಭ್ಯಾಸ ಬೋಧನೆಗೆ ಹೋದಾಗ ನಮಗೂ ಜಾಣರು, ದಡ್ಡರು ಎಂಬ ಪಟ್ಟಿ ಮೊದಲ ವಾರದಲ್ಲೇ ಮನಸ್ಸಿನಲ್ಲಿ ಸಿದ್ಧವಾಗಿಬಿಡುತ್ತದೆ. ಬಿನೆ ಅವರ ದಾರಿ ಹಿಡಿಯುವುದಾದರೆ, ಆ ಪಟ್ಟಿಯಲ್ಲಿ ನಮ್ಮ ನಿರೀಕ್ಷೆಯ ಪಾಲೆಷ್ಟು ಎಂದು ಮೊದಲು ಪರೀಕ್ಷಿಸಬೇಕು. ಆಮೇಲೆ, ಹಿಂದುಳಿದ ಮಗುವಿಗೆ ನಾಳೆಯ ಪಾಠದಲ್ಲಿ ಯಾವ ಚಟುವಟಿಕೆ ಇಟ್ಟುಕೊಳ್ಳಬೇಕು ಎಂಬುದನ್ನು ಪಾಠಯೋಜನೆಯಲ್ಲಿ ಬರೆದುಕೊಳ್ಳಬೇಕು.